ಅಡುಗೆಕಟ್ಟೆ ಹಿಂದಿನ ಗೋಡೆಗೆ ಟೈಲ್ಸ್: ಬಣ್ಣ ಆಮೇಲೆ, ಸಂದು ಮೊದಲು

ಒಲೆ ಹಿಂದಿನ ಗೋಡೆಗೆ ಮೊದಲ ಸಲ ಟೈಲ್ಸ್ ಹಾಕಿಸಿದಾಗ ನಾನು ತಲೆ ಕೆಡಿಸಿಕೊಂಡಿದ್ದು ಬಣ್ಣದ ಬಗ್ಗೆ ಮಾತ್ರ. ತಿಳಿ ನೀಲಿಯ ಪುಟ್ಟ ಪುಟ್ಟ ಮೊಸಾಯಿಕ್, ನಡುವಿನ ಸಂದು ತುಂಬಲು ಬಿಳಿ ಗ್ರೌಟ್. ಮೊದಲ ತಿಂಗಳು ಬಂದವರೆಲ್ಲ ಹೊಗಳಿದರು. ಆರನೇ ತಿಂಗಳಿಗೆ ಹಳೇ ಟೂತ್‌ಬ್ರಷ್ ಹಿಡಿದು ಒಲೆ ಪಕ್ಕ ಬಗ್ಗಿ ನಿಂತಿದ್ದೆ. ಟೈಲ್‌ಗೆ ಏನೂ ಆಗಿರಲಿಲ್ಲ. ಒಮ್ಮೆ ಬಟ್ಟೆ ಆಡಿಸಿದರೆ ಪಳಪಳ. ಎಣ್ಣೆ ಜಿಡ್ಡು ಕೂತಿದ್ದೆಲ್ಲ ಸಂದಿನಲ್ಲಿ.

ಆವತ್ತು ಕಾಗದ ತಗೊಂಡು ಲೆಕ್ಕ ಹಾಕಿದೆ. 2.5 ಸೆಂ.ಮೀ. ಚೌಕದ ಮೊಸಾಯಿಕ್ ಆದರೆ ಒಂದು ಚದರ ಮೀಟರ್ ಗೋಡೆಯಲ್ಲಿ ಸುಮಾರು 80 ಮೀಟರ್ ಉದ್ದದ ಸಂದು ಬರುತ್ತದೆ. 7.5 × 15 ಸೆಂ.ಮೀ. ಟೈಲ್ ಆದರೆ 20 ಮೀಟರ್. 30 × 60 ಸೆಂ.ಮೀ. ಟೈಲ್ ಆದರೆ ಬರೀ 5 ಮೀಟರ್. ನನ್ನ ಗೋಡೆ 3 ಮೀಟರ್ ಉದ್ದ, 45 ಸೆಂ.ಮೀ. ಎತ್ತರ. ಅಂದರೆ ನಾನು ಉಜ್ಜುತ್ತಿದ್ದದ್ದು ನೂರು ಮೀಟರ್‌ಗೂ ಜಾಸ್ತಿ ಉದ್ದದ ಬಿಳಿ ಗೆರೆ!

ಎರಡನೇ ಸಲ ನಾನೇ ಕೈಯಾರೆ ಹಾಕಿದೆ. ಅಷ್ಟರಲ್ಲಿ ಒಂದು ವಿಷಯ ಅರ್ಥವಾಗಿತ್ತು. ಅಂಗಡಿಯಲ್ಲಿ ನಮಗೆ ತೋರಿಸುವುದು ಟೈಲ್. ದಿನಾ ನಾವು ಬದುಕುವುದು ಸಂದಿನ ಜೊತೆ, ಅಂಟಿನ ಜೊತೆ, ಹಿಂದಿನ ಗೋಡೆಯ ಜೊತೆ. ಹಾಗಾಗಿ ಇಲ್ಲಿ ಲೆಕ್ಕ ಶುರುವಾಗುವುದು ಹಿಂದಿನಿಂದ.

ಗೋಡೆ ತಟ್ಟಿ ನೋಡಿ

ಸಿಮೆಂಟ್ ಪ್ಲಾಸ್ಟರ್ ಗೋಡೆ ಇದ್ದರೆ ಅದೃಷ್ಟ. ಗಟ್ಟಿಯಾಗಿದ್ದು ಮಟ್ಟವಾಗಿದ್ದರೆ ಧೂಳು ಒರೆಸಿ ನೇರ ಕೆಲಸ ಶುರು ಮಾಡಬಹುದು. ಜಿಪ್ಸಂ ಬೋರ್ಡ್ ಮೇಲೂ ಟೈಲ್ ಕೂರುತ್ತದೆ. ಅಡುಗೆಕಟ್ಟೆ ಹಿಂದಿನ ಗೋಡೆ ಬಚ್ಚಲಿನ ಗೋಡೆಯಂತೆ ಸದಾ ನೆನೆಯುವುದಿಲ್ಲವಲ್ಲ. ಆದರೆ ಬೋರ್ಡ್ ಎಲ್ಲಾದರೂ ಉಬ್ಬಿದ್ದರೆ, ಬೆರಳಿಂದ ಒತ್ತಿದರೆ ಕುಸಿಯುತ್ತಿದ್ದರೆ, ಅಷ್ಟು ಭಾಗ ಕತ್ತರಿಸಿ ಬದಲಾಯಿಸಲೇಬೇಕು.

ಪೇಂಟ್ ಮಾಡಿದ ಗೋಡೆಯಲ್ಲೇ ಜಾಸ್ತಿ ಜನ ಎಡವುವುದು. ಅಂಟು ಹಿಡಿಯುವುದು ಪೇಂಟನ್ನು, ಗೋಡೆಯನ್ನಲ್ಲ. ಪೇಂಟ್ ಎದ್ದು ಬಂದರೆ ಟೈಲೂ ಅದರ ಜೊತೆ ಬರುತ್ತದೆ. ಮೊದಲು ಜಿಡ್ಡು ತೊಳೆದು, 80 ನಂಬರಿನ ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ತಿಕ್ಕಿ. ಸಿಪ್ಪೆ ಏಳುತ್ತಿರುವ ಕಡೆಯೆಲ್ಲ ಕೆರೆದು ತೆಗೆಯಿರಿ.

ಹಳೇ ಟೈಲ್ ಮೇಲೆ ಹೊಸ ಟೈಲ್ ಹಾಕಬಹುದಾ? ಹಾಕಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದೇ ಟೈಲ್ ತಟ್ಟುತ್ತಾ ಹೋಗಿ. ಟಕ್ ಟಕ್ ಅಂದರೆ ಸರಿ, ಟೊಳ್ಳು ಸದ್ದು ಬಂದರೆ ಆ ಟೈಲ್ ಕೀಳಬೇಕು. ಅಲ್ಲೊಂದು ಇಲ್ಲೊಂದು ಟೊಳ್ಳಾದರೆ ಆ ಜಾಗವನ್ನು ತುಂಬಿ ಮಟ್ಟ ಮಾಡಬಹುದು. ಅರ್ಧದಷ್ಟು ಟೊಳ್ಳಾದರೆ ಪೂರ್ತಿ ಕಿತ್ತು ಹಾಕುವುದೇ ವಾಸಿ. ಟೈಲ್ ಮೇಲೆ ಟೈಲ್ ಹಾಕಿದಾಗ ಗೋಡೆ ಒಂದೂವರೆ ಸೆಂ.ಮೀ.ನಷ್ಟು ಮುಂದೆ ಬರುತ್ತದೆ. ಸ್ವಿಚ್ ಬಾಕ್ಸ್‌ಗಳು ಒಳಗೆ ಹೂತುಹೋಗುತ್ತವೆ, ಕಟ್ಟೆಯ ಅಗಲ ಕಡಿಮೆಯಾಗುತ್ತದೆ, ನಲ್ಲಿ ಹಿಂದೆ ಕೈ ಹೋಗದಂತಾಗುತ್ತದೆ. ಕೀಳುವ ಗಲೀಜು ಎರಡು ದಿನದ್ದು, ಇದು ವರ್ಷಗಟ್ಟಲೆಯದ್ದು. ನನ್ನ ಕೇಳಿದರೆ ಕೀಳಿ ಅಂತಲೇ ಹೇಳುತ್ತೇನೆ.

ಸೆರಾಮಿಕ್, ವಿಟ್ರಿಫೈಡ್, ಗಾಜು, ಕಲ್ಲು

ಗೋಡೆಗೆಂದೇ ಮಾಡಿದ ಸಾದಾ ಸೆರಾಮಿಕ್ ಟೈಲ್‌ನ ಮಣ್ಣಿನ ಮೈ ತನ್ನ ತೂಕದ 10%ಗಿಂತ ಜಾಸ್ತಿ ನೀರು ಹೀರುತ್ತದೆ. ವಿಟ್ರಿಫೈಡ್, ಅಂದರೆ ಪೋರ್ಸಲೇನ್ ಹೀರುವುದು 0.5%ಗಿಂತ ಕಡಿಮೆ. ಈ ಅಂಕಿ ಕೇಳಿದ ತಕ್ಷಣ ವಿಟ್ರಿಫೈಡೇ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ನೆಲಕ್ಕಾದರೆ ಹೌದು. ಗೋಡೆ ಮೇಲೆ ಯಾರೂ ನಡೆಯುವುದಿಲ್ಲ. ಸಿಡಿಯುವ ನೀರು, ಎಣ್ಣೆಯನ್ನು ಮುಂಭಾಗದ ಗಾಜಿನಂಥ ಗ್ಲೇಜ್ ತಡೆಯುತ್ತದೆ. ಹಿಂದಿನ ಮೈ ಎಷ್ಟು ಹೀರುತ್ತದೆ ಅನ್ನುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ.

ದೊಡ್ಡ ವಿಷಯ ಕತ್ತರಿಸುವುದು. ಸ್ವಿಚ್, ನಲ್ಲಿ, ಕಿಟಕಿ ಅಂಚು ಅಂತ ಚಿಕ್ಕ ಗೋಡೆಯಲ್ಲೇ ಹತ್ತಾರು ಕಡೆ ಕತ್ತರಿಸಬೇಕಾಗುತ್ತದೆ. ಸೆರಾಮಿಕ್ ಆದರೆ ಕೈ ಕಟರ್‌ನಲ್ಲಿ ಒಂದು ಗೆರೆ ಎಳೆದು ಒತ್ತಿದರೆ ಪಟ್ ಅಂತ ಎರಡಾಗುತ್ತದೆ. ವಿಟ್ರಿಫೈಡ್ ಹಟಮಾರಿ. ಅದಕ್ಕೆ ಒಳ್ಳೆ ಡೈಮಂಡ್ ಬ್ಲೇಡ್ ಬೇಕು, ತಾಳ್ಮೆಯೂ ಬೇಕು. ನೀವೇ ಹಾಕುವುದಾದರೆ ಸೆರಾಮಿಕ್ ತಗೊಳ್ಳಿ. ನೆಲದ ಟೈಲ್ ಗಟ್ಟಿ ಇರುತ್ತೆ ಅಂತ ಯಾರಾದರೂ ಗೋಡೆಗೂ ಅದನ್ನೇ ಕೊಡಲು ಬಂದರೆ ಸುಮ್ನೆ ನಕ್ಕು ಮುಂದೆ ಹೋಗಿ.

ಗಾಜಿನ ಟೈಲ್ ನೋಡೋಕೆ ಚಂದ, ಜಿಡ್ಡು ಹೀರುವ ಪ್ರಶ್ನೆಯೇ ಇಲ್ಲ. ಆದರೆ ಹಿಂದಿನದೆಲ್ಲ ಕಾಣುತ್ತದೆ. ಬೂದು ಅಂಟು ಹಾಕಿದರೆ ಬಣ್ಣ ಮಂಕಾಗುತ್ತದೆ, ಹಾಗಾಗಿ ಬಿಳಿ ಅಂಟೇ ಬೇಕು. ಅಂಟು ಬಳಿಯುವ ಕರಣೆಯ ಹಲ್ಲು ಮೂಡಿಸಿದ ಸಾಲುಗಳೂ ಕಾಣುವುದರಿಂದ ಅವನ್ನು ಮಟ್ಟಸವಾಗಿ ಸವರಬೇಕು. ಮೊದಲ ಸಲದ ಕೈಗೆ ಇದು ಬೇಡ.

ಅಮೃತಶಿಲೆಯಂಥ ಕಲ್ಲು ಎಣ್ಣೆ ಹೀರುತ್ತದೆ, ಹುಳಿ ತಾಗಿದರೆ ಹೊಳಪು ಕಳೆದುಕೊಳ್ಳುತ್ತದೆ. ಗ್ರೌಟ್ ಹಾಕುವ ಮೊದಲು ಒಮ್ಮೆ ಸೀಲರ್, ಅಂದರೆ ಹೀರದಂತೆ ತಡೆಯುವ ಲೇಪ, ಆಮೇಲೆ ಆಗಾಗ ಮತ್ತೆ ಸೀಲರ್. ಒಲೆ ಹಿಂದೆ ಅಷ್ಟು ಉಪಚಾರ ಮಾಡುವ ವ್ಯವಧಾನ ಇದ್ದರೆ ಹಾಕಿಕೊಳ್ಳಿ. ಗ್ಲೇಜ್ ಮೇಲೆ ಕೂದಲೆಳೆಯಂಥ ಬಿರುಕು ಬಿಡಿಸಿರುವ ಕ್ರ್ಯಾಕಲ್ ಟೈಲ್‌ಗೂ ಇದೇ ಕತೆ. ಸೀಲ್ ಮಾಡದೆ ಬಣ್ಣದ ಗ್ರೌಟ್ ಬಳಿದರೆ ಆ ಬಿರುಕುಗಳೊಳಗೆ ಗ್ರೌಟಿನ ಬಣ್ಣ ಇಳಿದುಬಿಡುತ್ತದೆ.

ಹೊಳಪಿನದ್ದಾ, ಮ್ಯಾಟ್ ಆ? ಒಲೆ ಹಿಂದೆ ಹೊಳಪೇ ಸರಿ. ಉಬ್ಬು ತಗ್ಗಿನ ವಿನ್ಯಾಸ ಇರುವುದು ಊಟದ ಮೇಜಿನ ಪಕ್ಕದ ಗೋಡೆಗೆ ಇರಲಿ.

ಡಬ್ಬದ ಮೇಲೆ ಶೇಡ್ ನಂಬರ್ ಇರುತ್ತದೆ. ಎಲ್ಲ ಡಬ್ಬಗಳಲ್ಲೂ ಅದು ಒಂದೇ ಇರಬೇಕು. ಬೇರೆ ಬೇರೆ ಸಲ ಸುಟ್ಟ ಟೈಲ್‌ಗಳ ಬಿಳಿ ಒಂದೇ ಬಿಳಿಯಾಗಿರುವುದಿಲ್ಲ. ಲೆಕ್ಕಕ್ಕಿಂತ 10% ಜಾಸ್ತಿ ತಗೊಳ್ಳಿ. ಓರೆಯಾಗಿ ಅಥವಾ ಹೆರಿಂಗ್‌ಬೋನ್, ಅಂದರೆ ಮೀನಿನ ಮೂಳೆಯ ವಿನ್ಯಾಸದಲ್ಲಿ ಜೋಡಿಸುವುದಾದರೆ 15%.

ಅಳತೆ, ಜೋಡಣೆ

ಸಂದಿನ ಲೆಕ್ಕ ನೋಡಿದರೆ ದೊಡ್ಡ ಟೈಲ್ ಗೆಲ್ಲಬೇಕು. ಆದರೆ 45 ಸೆಂ.ಮೀ. ಎತ್ತರದ ಪಟ್ಟಿಯಲ್ಲಿ 30 × 60ರ ಟೈಲ್ ಕೂರಿಸಿದರೆ ಒಂದು ಸಾಲು ಪೂರ್ತಿ, ಇನ್ನೊಂದು ಸಾಲು ಅರ್ಧ. ಆ ಸಾಲಿನ ಟೈಲೆಲ್ಲ ಕತ್ತರಿಸಿಯೇ ಹಾಕಬೇಕು. ಗೋಡೆ ಸ್ವಲ್ಪ ಡೊಂಕಿದ್ದರೂ ದೊಡ್ಡ ಟೈಲ್ ಅದನ್ನು ಎತ್ತಿ ತೋರಿಸುತ್ತದೆ, ಚಿಕ್ಕದು ಬಾಗಿ ಹೊಂದಿಕೊಂಡು ಹೋಗುತ್ತದೆ. ಮೊಸಾಯಿಕ್ ಹಾಳೆಯಾಗಿ ಬರುವುದರಿಂದ ಅಂಟಿಸುವುದು ಸುಲಭ ಅನ್ನಿಸುತ್ತದೆ. ಆದರೆ ಹಾಳೆ ಹಾಳೆ ಸೇರುವ ಕಡೆ ಸಂದು ಒಂಚೂರು ಹೆಚ್ಚುಕಡಿಮೆಯಾದರೂ ದೂರಕ್ಕೇ ಕಾಣುತ್ತದೆ. ನಾನು ಕೊನೆಗೆ ಆರಿಸಿದ್ದು ನಡುವಿನದ್ದು, 7.5 × 15. ಇದೇ 3 × 6 ಇಂಚಿನ ಟೈಲ್‌ಗೆ ಸಬ್‌ವೇ ಟೈಲ್ ಅನ್ನುವ ಹೆಸರು ಬಂದದ್ದು 1904ರಲ್ಲಿ ಶುರುವಾದ ನ್ಯೂಯಾರ್ಕ್ ಸುರಂಗ ರೈಲಿನ ನಿಲ್ದಾಣಗಳಿಂದ. ಲಕ್ಷಾಂತರ ಜನ ಓಡಾಡುವ ಜಾಗದ ಗೋಡೆ ಸುಲಭವಾಗಿ ತೊಳೆಯುವಂತಿರಬೇಕಿತ್ತು. ನಮ್ಮ ಅಗತ್ಯವೂ ಅದೇ ತಾನೆ.

ಜೋಡಣೆಯಲ್ಲಿ ಇಟ್ಟಿಗೆ ಕಟ್ಟಿದಂತೆ ಅರ್ಧಕ್ಕೆ ಅರ್ಧ ಸರಿಸುವುದು ಎಲ್ಲಕ್ಕಿಂತ ಕ್ಷಮಿಸುವ ಗುಣದ್ದು. ಒಂದರ ಮೇಲೊಂದು ನೇರವಾಗಿ ಪೇರಿಸಿದರೆ ಒಂದು ಮಿ.ಮೀ. ತಪ್ಪಿದರೂ ಉದ್ದದ ಗೆರೆ ಸೊಟ್ಟಗಾಗುತ್ತದೆ. 40 ಸೆಂ.ಮೀ.ಗಿಂತ ಉದ್ದದ ಟೈಲ್ ಆದರೆ ಅರ್ಧಕ್ಕೆ ಸರಿಸಬೇಡಿ, ಮೂರನೇ ಒಂದು ಭಾಗಕ್ಕೆ ಸಾಕು. ಉದ್ದದ ಟೈಲ್ ಸುಡುವಾಗ ನಡುವೆ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬಿನ ಪಕ್ಕ ಇನ್ನೊಂದರ ಬಾಗಿದ ತುದಿ ಬಂದರೆ ಅಂಚು ಎದ್ದು ಕಾಣುತ್ತದೆ.

ಅಂಟು: ಇಲ್ಲಿ ಆತುರ ಬೇಡ

ಆಯ್ಕೆ ನಾಲ್ಕಿವೆ. ಸಿಮೆಂಟ್ ಮರಳಿನ ಗಾರೆ, ಚೀಲದಲ್ಲಿ ಬರುವ ಪಾಲಿಮರ್ ಬೆರೆಸಿದ ಸಿಮೆಂಟ್ ಅಡ್ಹೆಸಿವ್, ಡಬ್ಬದಲ್ಲಿ ಕಲಸಿಯೇ ಬರುವ ಮ್ಯಾಸ್ಟಿಕ್, ಮತ್ತೆ ಎರಡೂ ಕಡೆ ಅಂಟಿರುವ ಹಾಳೆ.

ಗಾರೆಯದ್ದು ಹಳೇ ದಾರಿ. ಟೈಲ್‌ಗಳನ್ನು ನೀರಲ್ಲಿ ನೆನೆಹಾಕಿ, ಹಿಂದೆ ಗಾರೆ ಮೆತ್ತಿ, ಗೋಡೆಗೊತ್ತಿ ತಟ್ಟುವುದು. ಡೊಂಕು ಗೋಡೆಯನ್ನೂ ಜೊತೆಯಲ್ಲೇ ಮಟ್ಟ ಮಾಡಬಹುದು ಅನ್ನುವುದು ಇದರ ಲಾಭ. ಆದರೆ ಕೆಲಸ ಬೇಗ ಮುಗಿಯಲಿ ಅಂತ ಟೈಲ್ ನಡುವೆ ಒಂದು ಮುದ್ದೆ ಇಟ್ಟು ಒತ್ತಿಬಿಟ್ಟರೆ ನಾಲ್ಕೂ ಮೂಲೆಗಳ ಹಿಂದೆ ಟೊಳ್ಳು ಉಳಿಯುತ್ತದೆ. ಮುಂದೊಂದು ದಿನ ಆ ಮೂಲೆಗೆ ಪಾತ್ರೆ ತಗುಲಿದರೆ ಬಿರುಕು ಗ್ಯಾರಂಟಿ. ಇನ್ನೊಂದು ಮಾತು, ಬರೀ ಸಿಮೆಂಟ್ ಹಿಡಿಯಬೇಕಾದರೆ ಟೈಲ್ ಸ್ವಲ್ಪ ಹೀರಬೇಕು. ಏನೂ ಹೀರದ ವಿಟ್ರಿಫೈಡ್‌ಗೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಚೀಲದ ಅಡ್ಹೆಸಿವ್ ನನ್ನ ಆಯ್ಕೆ. ಟೈಲ್ ನೆನೆಹಾಕುವ ಕೆಲಸವಿಲ್ಲ, ಒದ್ದೆ ಟೈಲ್ ಹಾಕಲೂಬಾರದು. ಚೀಲದ ಮೇಲೆ C1 ಅಥವಾ C2 ಅಂತ ಬರೆದಿರುತ್ತದೆ. C ಅಂದರೆ ಸಿಮೆಂಟ್ ಜಾತಿ. 2 ಇದ್ದರೆ ಹಿಡಿತ ಜಾಸ್ತಿ, 1ರ ಎರಡರಷ್ಟು. ಪಕ್ಕದಲ್ಲಿ T ಇದ್ದರೆ ಟೈಲ್ ಗೋಡೆಯಲ್ಲಿ ಕೆಳಗೆ ಜಾರುವುದಿಲ್ಲ, E ಇದ್ದರೆ ಬಳಿದ ಮೇಲೆ ಟೈಲ್ ಕೂರಿಸಲು ಹೆಚ್ಚು ಹೊತ್ತು ಸಿಗುತ್ತದೆ. ಸಾದಾ ಸೆರಾಮಿಕ್‌ಗೆ C1T ಸಾಕು. ವಿಟ್ರಿಫೈಡ್ ಅಥವಾ ಟೈಲ್ ಮೇಲೆ ಟೈಲ್ ಆದರೆ C2TE ನೋಡಿ ತಗೊಳ್ಳಿ.

ಮ್ಯಾಸ್ಟಿಕ್ ಸಲೀಸು. ಕಲಸುವ ರಗಳೆ ಇಲ್ಲ, ಒತ್ತಿದ ತಕ್ಷಣ ಹಿಡಿಯುತ್ತದೆ, ಟೈಲ್ ಜಾರುವುದೂ ಇಲ್ಲ. ಆದರೆ ಅದು ಗಟ್ಟಿಯಾಗುವುದು ನೀರು ಆರಿ ಹೋಗುವುದರಿಂದ. ಹಿಂದೆ ಹೀರದ ಗೋಡೆ, ಮುಂದೆ ಹೀರದ ಟೈಲ್ ಇದ್ದರೆ ನೀರು ಹೋಗುವುದೆಲ್ಲಿಗೆ? ದಿನಗಟ್ಟಲೆ ಮೆತ್ತಗೇ ಇರುತ್ತದೆ. ಚಿಕ್ಕ ಸೆರಾಮಿಕ್ ಟೈಲ್, ಜಿಪ್ಸಂ ಬೋರ್ಡ್, ಒಲೆಯಿಂದ ದೂರದ ಗೋಡೆ, ಈ ಮೂರೂ ಸೇರಿದರೆ ಮ್ಯಾಸ್ಟಿಕ್ ತಗೊಳ್ಳಿ. ದೊಡ್ಡ ಟೈಲ್, ಗಾಜಿನ ಟೈಲ್‌ಗೆ ಬೇಡ.

ಅಂಟು ಹಾಳೆ ಎಲ್ಲಕ್ಕಿಂತ ಬೇಗ. ಅವತ್ತೇ ಗ್ರೌಟ್ ಕೂಡ ಹಾಕಬಹುದು. ಆದರೆ ಒಮ್ಮೆ ಒತ್ತಿದ ಟೈಲ್ ಸರಿಸುವ ಹಾಗಿಲ್ಲ. ಗೋಡೆ ಕನ್ನಡಿಯಂತೆ ಮಟ್ಟವಾಗಿರಬೇಕು. ಬಿಸಿ ತಾಗುವ ಒಲೆಯ ನೇರ ಹಿಂದೆ ನಾನಂತೂ ಹಾಕುವುದಿಲ್ಲ.

ಅಡ್ಹೆಸಿವ್ ಕಲಸುವಾಗ ನಾನು ಮಾಡಿದ ಪೆದ್ದು ಕೆಲಸ ಹೇಳಿಬಿಡುತ್ತೇನೆ. ಅರ್ಧ ಚೀಲ ಒಟ್ಟಿಗೆ ಕಲಸಿಟ್ಟೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಬಕೆಟ್‌ನಲ್ಲಿದ್ದದ್ದು ಕಲ್ಲಾಗಲು ಶುರುವಾಗಿತ್ತು. ಒಂದು ಲೋಟ ನೀರು ಸುರಿದು ಮತ್ತೆ ಕಲಸಿದೆ. ಮೆತ್ತಗಾಯಿತು, ಖುಷಿಯಾಯಿತು. ಮಾರನೇ ದಿನ ಆ ಸಾಲಿನ ಮೂರು ಟೈಲ್ ಬೆರಳಲ್ಲಿ ಎಳೆದರೆ ಕೈಗೇ ಬಂದವು. ಗಟ್ಟಿಯಾಗಲು ಶುರುವಾದದ್ದಕ್ಕೆ ನೀರು ಹಾಕಿದರೆ ಅದು ಅಂಟಲ್ಲ, ಬರೀ ಕೆಸರು. ಅರ್ಧ ಗಂಟೆಗೆ ಸಾಕಾಗುವಷ್ಟೇ ಕಲಸಿ. ಕಲಸಿದ ಮೇಲೆ ಐದರಿಂದ ಹತ್ತು ನಿಮಿಷ ಹಾಗೇ ಬಿಟ್ಟು ಇನ್ನೊಮ್ಮೆ ಕೈಯಾಡಿಸಿ ಬಳಸಿ.

ಚಿಕ್ಕ ಟೈಲ್, ಮೊಸಾಯಿಕ್‌ಗೆ 5 ಮಿ.ಮೀ. V ಹಲ್ಲಿನ ಕರಣೆ, ಅದಕ್ಕಿಂತ ದೊಡ್ಡದಕ್ಕೆ 6 ಮಿ.ಮೀ. ಚೌಕ ಹಲ್ಲಿನದ್ದು. ಮೊದಲು ಕರಣೆಯ ನುಣುಪು ಬದಿಯಿಂದ ಗೋಡೆಗೆ ತೆಳುವಾಗಿ ಒತ್ತಿ ಬಳಿಯಿರಿ. ಆಮೇಲೆ ಹಲ್ಲಿನ ಬದಿಯಿಂದ ಒಂದೇ ದಿಕ್ಕಿಗೆ ಎಳೆಯಿರಿ, ಗದ್ದೆ ಉತ್ತ ಸಾಲಿನಂತೆ ಕಾಣಬೇಕು. ಟೈಲ್ ಇಡುವ ಮುಂಚೆ ಬೆರಳ ತುದಿಯಲ್ಲಿ ಮುಟ್ಟಿ ನೋಡಿ. ಬೆರಳಿಗೆ ಅಂಟು ಹತ್ತಿದರೆ ಸರಿ. ಹತ್ತದಿದ್ದರೆ ಮೇಲೆ ಕೆನೆ ಕಟ್ಟಿದೆ ಅಂತ ಅರ್ಥ, ಕೆರೆದು ಹೊಸದು ಬಳಿಯಿರಿ. ಮೊದಲ ಎರಡು ಟೈಲ್ ಒತ್ತಿದ ತಕ್ಷಣ ಒಂದನ್ನು ಕಿತ್ತು ಹಿಂಬದಿ ತಿರುಗಿಸಿ. ಸಾಲುಗಳೆಲ್ಲ ಚಪ್ಪಟೆಯಾಗಿ ಕಡೇಪಕ್ಷ 80% ಭಾಗಕ್ಕೆ ಅಂಟು ಹತ್ತಿರಬೇಕು. ಸಾಲುಗಳು ಸಾಲಾಗೇ ಉಳಿದು ನಡುವೆ ಟೈಲ್‌ನ ಬರಿ ಮೈ ಕಂಡರೆ ನೀವು ಸರಿಯಾಗಿ ಒತ್ತಿಲ್ಲ, ಇಲ್ಲವೇ ಹಲ್ಲು ಚಿಕ್ಕದಾಯಿತು.

ಗ್ರೌಟ್: ಟೂತ್‌ಬ್ರಷ್ ಹಿಡಿಯಬೇಕೋ ಬೇಡವೋ ಇಲ್ಲಿ ತೀರ್ಮಾನ

ಸಿಮೆಂಟ್ ಗ್ರೌಟಲ್ಲಿ ಎರಡು ಬಗೆ. ಸಂದು 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಮರಳಿಲ್ಲದ್ದು, 3 ಅಥವಾ ಜಾಸ್ತಿ ಇದ್ದರೆ ಮರಳಿದ್ದದ್ದು. ಮರಳಿಲ್ಲದ್ದನ್ನು ಅಗಲ ಸಂದಿಗೆ ತುಂಬಿದರೆ ಆರುವಾಗ ಕುಗ್ಗಿ ಬಿರುಕು ಬಿಡುತ್ತದೆ. ಮರಳಿದ್ದದ್ದು ಕಿರಿದಾದ ಸಂದಿಗೆ ಇಳಿಯುವುದಿಲ್ಲ, ಗಾಜಿನ ಟೈಲ್ ಮೇಲೆ ಗೀರನ್ನೂ ಬಿಡುತ್ತದೆ. ಸಂದು ಎಷ್ಟಿರಬೇಕು ಅಂದರೆ, ಅಂಚನ್ನು ಯಂತ್ರದಲ್ಲಿ ಉಜ್ಜಿ ನೇರ ಮಾಡಿದ ಟೈಲ್‌ಗೆ 2 ಮಿ.ಮೀ. ಸ್ಪೇಸರ್ (ಸಂದು ಸಮನಾಗಿರಲು ಟೈಲ್‌ಗಳ ನಡುವೆ ಇಡುವ ಪುಟ್ಟ ತುಂಡು) ಸಾಕು. ಸಾದಾ ಅಂಚಿನದ್ದಕ್ಕೆ 3 ಬೇಕು. ಒಂದೊಂದು ಟೈಲ್ ಅಳತೆ ಕೂದಲೆಳೆ ಹೆಚ್ಚುಕಡಿಮೆ ಇರುತ್ತದೆ, ಅದು ಆ ಸಂದಿನಲ್ಲಿ ಮರೆಯಾಗಬೇಕು.

ಸಿಮೆಂಟ್ ಗ್ರೌಟ್ ಅಗ್ಗ, ಕೈಗೆ ಸುಲಭ, ತಪ್ಪಾದರೆ ತಿದ್ದಬಹುದು. ಆದರೆ ಅದು ಸಣ್ಣ ಸಣ್ಣ ತೂತಿನ ವಸ್ತು, ಎಣ್ಣೆ ಕುಡಿಯುತ್ತದೆ. ಎರಡು ಮೂರು ದಿನ ಆರಿದ ಮೇಲೆ ಸೀಲರ್ ಹಚ್ಚಬೇಕು, ಕಾಲಕಾಲಕ್ಕೆ ಮತ್ತೆ ಹಚ್ಚಬೇಕು. ಎಪಾಕ್ಸಿ ಗ್ರೌಟ್ ರಾಳ ಮತ್ತು ಹಾರ್ಡ್ನರ್ ಬೆರೆಸಿ ಮಾಡುವಂಥದ್ದು. ಹೀರುವುದಿಲ್ಲ, ಸೀಲರ್ ಕೇಳುವುದಿಲ್ಲ, ಜಿಡ್ಡು ಬಟ್ಟೆಯಲ್ಲೇ ಹೋಗುತ್ತದೆ. ಬೆಲೆ ಜಾಸ್ತಿ, ಅದಕ್ಕಿಂತ ಜಾಸ್ತಿ ಅದರ ಅವಸರ. ಬೆರೆಸಿದ ಕ್ಷಣದಿಂದ ಗಡಿಯಾರ ಓಡುತ್ತಿರುತ್ತದೆ. ಟೈಲ್ ಮೇಲೆ ಉಳಿದ ತೆಳು ಪೊರೆಯನ್ನು ಆಗಿಂದಾಗಲೇ ಒರೆಸದಿದ್ದರೆ ಮಾರನೇ ದಿನ ಅದು ಗಾಜಿಗೆ ಬಳಿದ ವಾರ್ನಿಷ್‌ನಂತೆ ಕೂತಿರುತ್ತದೆ.

ಯಾವುದು? ಒಲೆ ಹಿಂದಿನ ಗೋಡೆಗೆ ಎಪಾಕ್ಸಿ. ಚಿಕ್ಕ ಜಾಗ, ಹಾಗಾಗಿ ಖರ್ಚು ಮಿತಿಯಲ್ಲೇ ಇರುತ್ತದೆ. ಒಂದು ಚದರ ಮೀಟರ್ ಒಳಗೇ ಒಂದು ಸಲದ ಕಲಸು ಮುಗಿಯುವಂತೆ ನೋಡಿಕೊಂಡು, ಒಬ್ಬರು ತುಂಬುತ್ತಾ ಇನ್ನೊಬ್ಬರು ಒರೆಸುತ್ತಾ ಹೋದರೆ ಗೆದ್ದಿರಿ. ಒಬ್ಬರೇ ಇದ್ದರೆ ಸಿಮೆಂಟ್ ಗ್ರೌಟೇ ಹಾಕಿ, ಬಣ್ಣ ಮಾತ್ರ ಬಿಳಿ ಬೇಡ. ನಡುಬೂದು ಬಣ್ಣ ಎಲ್ಲ ಪಾಪಗಳನ್ನೂ ಮುಚ್ಚುತ್ತದೆ. ಸಿಮೆಂಟ್ ಗ್ರೌಟ್ ಒದ್ದೆಯಿದ್ದಾಗ ಗಾಢವಾಗಿ ಕಾಣುತ್ತದೆ, ಆರಿದರೆ ತಿಳಿಯಾಗುತ್ತದೆ. ಚೂರು ಕಲಸಿ ರಟ್ಟಿನ ಮೇಲೆ ಬಳಿದು ಒಂದು ದಿನ ಒಣಗಿಸಿ ನೋಡಿದರೆ ಮೋಸ ಹೋಗುವುದಿಲ್ಲ.

ಕಟ್ಟೆ ಗೋಡೆಯನ್ನು ಸೇರುವ ಕಡೆ ಮತ್ತು ಒಳಮೂಲೆಗಳಲ್ಲಿ ಮಾತ್ರ ಯಾವ ಗ್ರೌಟೂ ಬೇಡ. ಕಟ್ಟೆಯೂ ಗೋಡೆಯೂ ಬೇರೆ ಬೇರೆಯಾಗಿ ಅಲುಗುತ್ತವೆ, ಹಿಗ್ಗಿ ಕುಗ್ಗುತ್ತವೆ. ಗಟ್ಟಿ ಗ್ರೌಟ್ ಅಲ್ಲಿ ಬಿರುಕು ಬಿಟ್ಟು ನೀರು ಒಳಗಿಳಿಯುತ್ತದೆ. 3 ಮಿ.ಮೀ. ಜಾಗ ಬಿಟ್ಟು ಗ್ರೌಟಿನದ್ದೇ ಬಣ್ಣದ ಸಿಲಿಕಾನ್ ತುಂಬಿ.

ನೀವೇ ಹಾಕುವುದೋ, ಮೇಸ್ತ್ರಿ ಕರೆಸುವುದೋ

ಸಾದಾ ಸೆರಾಮಿಕ್, ನೇರ ಗೋಡೆ, ನಾಲ್ಕೈದು ಸ್ವಿಚ್. ಇಷ್ಟಾದರೆ ನೀವೇ ಹಾಕಬಹುದು. ಒಂದು ವಾರಾಂತ್ಯ ಅಂಟಿಸಲು, ಮುಂದಿನ ದಿನ ಗ್ರೌಟ್‌ಗೆ. ಕೈ ಕಟರ್, ಮೂಲೆ ಕಚ್ಚಿ ತೆಗೆಯಲು ನಿಪ್ಪರ್, ಸ್ವಿಚ್ ಜಾಗಕ್ಕೆ ಡೈಮಂಡ್ ಬ್ಲೇಡ್ ಹಾಕಿದ ಗ್ರೈಂಡರ್ ಸಾಕು. ಗ್ರೈಂಡರ್ ಹಿಡಿದಾಗ ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ, ಆ ಬಿಳಿ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸ್ವಿಚ್ ಹತ್ತಿರ ಕೈ ಹಾಕುವ ಮುಂಚೆ ಮೇನ್ ಆಫ್ ಮಾಡಿ ಟೆಸ್ಟರ್ ಇಟ್ಟು ನೋಡಿ. ಟೈಲ್ ದಪ್ಪದಷ್ಟು ಬಾಕ್ಸ್ ಮುಂದೆ ತರಬೇಕಾದರೆ ಎಲೆಕ್ಟ್ರಿಷಿಯನ್ ಕರೆಸಿ. ಹೆರಿಂಗ್‌ಬೋನ್, ಗಾಜು, ದೊಡ್ಡ ವಿಟ್ರಿಫೈಡ್, ಡೊಂಕು ಗೋಡೆಗೆ ಮೇಸ್ತ್ರಿಯೇ ಸರಿ. ಆದರೆ ಅಂಟಿನ ಚೀಲ, ಗ್ರೌಟಿನ ಡಬ್ಬ ನೀವೇ ನೋಡಿ ತಂದುಕೊಡಿ. ಟೈಲ್ ನಡುವೆ ಒಂದು ಮುದ್ದೆ ಇಟ್ಟು ಒತ್ತುವುದು ಕಂಡರೆ ಅಲ್ಲೇ ನಿಲ್ಲಿಸಿ ಕೇಳಿ.

ಅಂಟಿಸುವ ಮೊದಲು ಟೈಲ್‌ಗಳನ್ನು ಕಟ್ಟೆ ಮೇಲೆ ಒಣದಾಗಿ ಜೋಡಿಸಿ ನೋಡಿ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಯಲ್ಲಿ ಎರಡು ಬೆರಳಗಲದ ಚೂರು ಉಳಿದೀತು. ನಡುವಿನಿಂದ ಶುರು ಮಾಡಿ ಎರಡೂ ಬದಿ ಸಮನಾದ ತುಂಡು ಬರುವಂತೆ ಮಾಡಿ. ಕಟ್ಟೆ ಮಟ್ಟವಾಗಿದೆ ಅಂತ ನಂಬಬೇಡಿ. ನಮ್ಮದು 3 ಮೀಟರ್‌ಗೆ 6 ಮಿ.ಮೀ. ಇಳಿಜಾರು ಇತ್ತು, ರಸಮಟ್ಟ ಇಟ್ಟ ಮೇಲೆ ಗೊತ್ತಾಯಿತು. ಗೋಡೆ ಮೇಲೆ ಮಟ್ಟದ ಗೆರೆ ಎಳೆದು, ಕೆಳಗಿನ ಸಾಲಿನ ಟೈಲ್‌ಗಳನ್ನು ಅದಕ್ಕೆ ತಕ್ಕಂತೆ ಕತ್ತರಿಸಿದೆ. ಒಲೆ ಹಿಂದೆ ಕಟ್ಟೆಯೇ ಇಲ್ಲದ ಕಡೆ ಗೋಡೆಗೆ ಒಂದು ಮರದ ಪಟ್ಟಿ ಹೊಡೆದು ಅದರ ಮೇಲೆ ಟೈಲ್ ಕೂರಿಸಿ, ಮಾರನೇ ದಿನ ಪಟ್ಟಿ ತೆಗೆದೆ.

ಸಿಲಿಕಾನ್ ಒಂದು ದಿನ ಆರುವವರೆಗೆ ಕಟ್ಟೆ ಮೇಲೆ ನೀರು ಸುರಿಯಬೇಡಿ. ಉಳಿದ ಟೈಲ್‌ಗಳಲ್ಲಿ ಐದಾರನ್ನು ಶೇಡ್ ನಂಬರ್ ಇರುವ ಡಬ್ಬದ ತುಂಡಿನ ಸಮೇತ ಅಟ್ಟದ ಮೇಲೆ ಎತ್ತಿಡಿ. ನನ್ನವು ಈಗಾಗಲೇ ಎರಡು ಖರ್ಚಾಗಿವೆ.